ಕಾರಿನ ಪಂಕ್ತಿಭೇದ

ಬೈಕಿನ ಹಿಂದಿನ ಚಕ್ರದ ಪಕ್ಕಕ್ಕೆ ಕಂಬಿಗಳ ಒಂದು ಚೌಕಟ್ಟು ಇರುತ್ತದಲ್ಲ, ಸೀರೆ ಗಾರ್ಡ್ ಎಂದು ಎಲ್ಲರೂ ಕರೆಯುವಂಥದು, ಅದನ್ನು ನೀವೂ ನೋಡಿರುತ್ತೀರಿ. ಬೈಕಿನ ಅಂದ ಕೆಡುತ್ತದೆಂದು ಕೊಂಡ ವಾರದಲ್ಲೇ ಅದನ್ನು ಬಿಚ್ಚಿಸಿ ಅಟ್ಟಕ್ಕೆ ಎಸೆಯುವ ಹುಡುಗರು ನಮ್ಮೂರಿನಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅದು ಅಂದಕ್ಕೆ ಇಟ್ಟದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಅದಕ್ಕೆಂದೇ ಇದೆ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಮೆಟ್ಟು, ಬಟ್ಟೆ ಸಿಕ್ಕಿಕೊಳ್ಳದಂತೆ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ತಡೆ, ಈ ಮೂರೂ ಇಲ್ಲದೆ ಬೈಕನ್ನು ತಯಾರಿಸಕೂಡದು ಎನ್ನುತ್ತದೆ ಆ ನಿಯಮ. ಇದೇ ದೇಶದಲ್ಲಿ ತಯಾರಾದ ಬೈಕು ಯೂರೋಪಿಗೆ ಹೋಗುವಾಗ ಅದಕ್ಕೆ ಸೀರೆ ಗಾರ್ಡ್ ಇರುವುದಿಲ್ಲ. ಅಲ್ಲಿ ಸೀರೆಯುಟ್ಟು, ಎರಡೂ ಕಾಲನ್ನು ಒಂದೇ ಬದಿಗೆ ಇಳಿಬಿಟ್ಟು, ಮಡಿಲಲ್ಲಿ ಮಗುವನ್ನೂ ಕೈಯಲ್ಲಿ ತರಕಾರಿ ಚೀಲವನ್ನೂ ಹಿಡಿದು ಕೂರುವ ಹೆಂಗಸರಿಲ್ಲ. ನಮ್ಮ ಉಡುಪನ್ನು, ನಾವು ಕೂರುವ ರೀತಿಯನ್ನು ಯಾರೋ ಗಮನಿಸಿ ಮಾಡಿದ ನಿಯಮ ಇದು. ಇಂಥ ಭೇದ ನನಗೆ ಇಷ್ಟ.

ಸಮಾಜ ವಿಜ್ಞಾನ ಪಾಠ ಹೇಳುವ ಮೇಷ್ಟರಮ್ಮನಿಗೆ ಬೈಕು ಕಾರುಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರನ್ನು ನಾನು ಯಂತ್ರವೆಂದು ನೋಡುತ್ತಿಲ್ಲ. ಒಂದೇ ಹೆಸರಿನ, ಒಂದೇ ಮುಖದ ಕಾರು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇರುವುದೇಕೆ ಎಂದು ಕೇಳುತ್ತಾ ಹೋದರೆ ಭೂಗೋಳ, ಅರ್ಥಶಾಸ್ತ್ರ, ಪೌರನೀತಿ ಮೂರೂ ಅದರೊಳಗೆ ಕಾಣಿಸುತ್ತವೆ.

ಮೊದಲು ಸಹಜವಾದ ಭೇದಗಳನ್ನೇ ನೋಡೋಣ. ನಮ್ಮಲ್ಲಿ ರಸ್ತೆಯ ಎಡಗಡೆ ಓಡಿಸುತ್ತೇವೆ, ಆದ್ದರಿಂದ ಸ್ಟಿಯರಿಂಗ್ ಬಲಕ್ಕೆ. ಅಮೆರಿಕದಲ್ಲಿ ಇದಕ್ಕೆ ತಿರುಗಾಮುರುಗಾ. ಸ್ಟಿಯರಿಂಗಿನ ಜೊತೆಗೆ ದೀಪವೂ ಬದಲಾಗಬೇಕು. ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯದೆ ತಮ್ಮ ಬದಿಯ ರಸ್ತೆಯಂಚಿಗೆ ಹೆಚ್ಚು ಬೆಳಕು ಬೀಳುವಂತೆ ಹೆಡ್‌ಲೈಟಿನ ಗಾಜನ್ನು ಮಾಡಿರುತ್ತಾರೆ. ಅಮೆರಿಕದ ದೀಪವನ್ನು ಇಲ್ಲಿ ಉರಿಸಿದರೆ ಎದುರು ಬರುವವನ ಕಣ್ಣು ಕತ್ತಲೆಗಟ್ಟುತ್ತದೆ. ವೇಗ ತೋರಿಸುವ ಮುಳ್ಳು ಅಲ್ಲಿ ಮೈಲಿಯಲ್ಲಿ, ಇಲ್ಲಿ ಕಿಲೋಮೀಟರಿನಲ್ಲಿ. ನಮ್ಮ ಹಂಪುಗಳಿಗೆ ತಳ ತಾಗದಿರಲೆಂದು ಕಾರನ್ನು ಸ್ವಲ್ಪ ಎತ್ತರಿಸಬೇಕಾಗುತ್ತದೆ. ಇವೆಲ್ಲ ಅಳತೆ ತೆಗೆದುಕೊಂಡು ರವಿಕೆ ಹೊಲಿದ ಹಾಗೆ. ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ, ಹೊಂದಬೇಕಾದ್ದೂ ಇಲ್ಲ.

ಹೊಂದದ್ದನ್ನು ತೊಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮ ನೆರೆಯ ಬರ್ಮಾ, ಅಂದರೆ ಈಗಿನ ಮ್ಯಾನ್ಮಾರ್, ಒಳ್ಳೆಯ ಉದಾಹರಣೆ. 1970ರಲ್ಲಿ ಅಲ್ಲಿನ ಸರ್ಕಾರ ವಾಹನಗಳೆಲ್ಲ ಇನ್ನು ರಸ್ತೆಯ ಬಲಗಡೆ ಓಡತಕ್ಕದ್ದು ಎಂದು ಆಜ್ಞೆ ಮಾಡಿತು. ಆಜ್ಞೆ ಬದಲಾಯಿತು, ಕಾರು ಬದಲಾಗಲಿಲ್ಲ. ಮುಂದೆ ವರ್ಷಗಟ್ಟಲೆ ಅಲ್ಲಿಗೆ ಬಂದದ್ದು ಜಪಾನಿನಲ್ಲಿ ಬಳಸಿ ಬಿಟ್ಟ, ಎಡಗಡೆ ಓಡಿಸಲೆಂದು ತಯಾರಾದ ಕಾರು ಬಸ್ಸುಗಳೇ. ಅಂಥ ಬಸ್ಸಿನ ಬಾಗಿಲು ಎಡಕ್ಕೆ, ಬಸ್ಸು ನಿಲ್ಲುವುದು ಬಲದಂಚಿಗೆ. ಹೀಗಾಗಿ ಇಳಿಯುವವರು ಕಾಲಿಡುತ್ತಿದ್ದುದು ನಡುರಸ್ತೆಗೆ. ಆ ಬಸ್ಸು ಕೆಟ್ಟದ್ದೇನಲ್ಲ, ಬೇರೆಯವರ ರಸ್ತೆಗೆ ಮಾಡಿದ್ದು, ಅಷ್ಟೆ.

ಇವುಗಳಲ್ಲದೆ ಇನ್ನೊಂದು ಬಗೆಯ ಭೇದವಿದೆ. ಅದಕ್ಕೆ ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಒಂದು ಮಾತಿದೆ, ಪಂಕ್ತಿಭೇದ. ಒಂದೇ ಸಾಲಿನಲ್ಲಿ ಎಲೆ ಹಾಕಿ ಕೂರಿಸಿ, ಒಬ್ಬರ ಅನ್ನಕ್ಕೆ ಧಾರಾಳವಾಗಿ ತುಪ್ಪ ಸುರಿದು ಪಕ್ಕದವರಿಗೆ ಬರಿಯ ಸಾರು ಬಡಿಸಿ ಮುಂದೆ ಹೋಗುವುದು. ಹೆಚ್ಚು ಖಾರ ಬೇಡವೆನ್ನುವವರಿಗೆ ಕಡಿಮೆ ಖಾರ ಬಡಿಸಿದರೆ ಅದು ಉಪಚಾರ. ಇವರಿಗೆ ಇಷ್ಟು ಸಾಕು ಎಂದು ಬಡಿಸುವವರೇ ತೀರ್ಮಾನಿಸಿದರೆ ಅದು ಅವಮಾನ. ಕಾರುಗಳ ಲೋಕದಲ್ಲಿ ಈ ಎರಡೂ ನಡೆಯುತ್ತವೆ. ಮೊದಲನೆಯದನ್ನು ಮುಂದೆ ಮಾಡಿ ಎರಡನೆಯದನ್ನು ಮರೆಮಾಡುತ್ತಾರೆ ಎಂಬುದೇ ನನ್ನ ತಕರಾರು.

ಮದರಾಸಿನ ಹತ್ತಿರದ ಶ್ರೀಪೆರಂಬುದೂರಿನಲ್ಲಿ ಹ್ಯುಂಡೈ ಕಂಪನಿಯ ಕಾರ್ಖಾನೆಯಿದೆ. 2007ರಲ್ಲಿ ಐ10 ಎಂಬ ಪುಟ್ಟ ಕಾರು ಅಲ್ಲಿ ತಯಾರಾಗತೊಡಗಿತು. ನಮ್ಮ ಊರುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಓಡಿಸಲು ಕಲಿತದ್ದು ಆ ಕಾರಿನಲ್ಲಿ. ಅಲ್ಲಿಂದಲೇ ಅದು ಹಡಗು ಹತ್ತಿ ಯೂರೋಪಿಗೂ ಹೋಗುತ್ತಿತ್ತು. 2008ರಲ್ಲಿ ಯೂರೋಪಿನ ಯೂರೋ ಎನ್‌ಕ್ಯಾಪ್ ಸಂಸ್ಥೆ ಅದನ್ನು ಢಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಗೆ 4 ನಕ್ಷತ್ರ ಸಿಕ್ಕಿತು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರುವ ಐ10ರ ಅಗ್ಗದ ಮಾದರಿಯ ಪರೀಕ್ಷಾ ಫಲವನ್ನು ದೆಹಲಿಯಲ್ಲಿ ಪ್ರಕಟಿಸಿತು. ಸಿಕ್ಕಿದ್ದು ಸೊನ್ನೆ. ಎರಡು ಸಂಸ್ಥೆಗಳ ಅಂಕ ಹಾಕುವ ಕ್ರಮ ಪೂರ್ತಿ ಒಂದೇ ಅಲ್ಲ, ಅದನ್ನು ಒಪ್ಪಬೇಕು. ಆದರೆ ಎದುರಿನ ಢಿಕ್ಕಿಯ ವೇಗ ಎರಡರಲ್ಲೂ ಗಂಟೆಗೆ 64 ಕಿಲೋಮೀಟರ್. ಇಲ್ಲಿನದರಲ್ಲಿ ಏರ್‌ಬ್ಯಾಗ್, ಅಂದರೆ ಢಿಕ್ಕಿಯಾದ ಕ್ಷಣದಲ್ಲಿ ಉಬ್ಬಿ ತಲೆ ಎದೆಗಳನ್ನು ಕಾಯುವ ಗಾಳಿಚೀಲ, ಇರಲಿಲ್ಲ. ಒಂದೇ ಊರಿನ ಕೆಲಸಗಾರರು ಜೋಡಿಸಿದ, ಒಂದೇ ಹೆಸರಿನ ಕಾರಿನ ಕಥೆಯಿದು.

ಅಂದು ಪರೀಕ್ಷೆಗೆ ಕೂತದ್ದು ಐ10 ಒಂದೇ ಅಲ್ಲ. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ ಕೂಡ ಇದ್ದವು. ಏರ್‌ಬ್ಯಾಗ್ ಇಲ್ಲದ ಅಗ್ಗದ ಮಾದರಿಗಳನ್ನೇ ಆರಿಸಿಕೊಂಡಿದ್ದರು. ಐದಕ್ಕೂ ಸೊನ್ನೆ. ಸೊನ್ನೆಯಲ್ಲೂ ಎರಡು ತರ ಇತ್ತು. ಆಲ್ಟೊ, ನ್ಯಾನೊ, ಐ10ಗಳ ಒಡಲೇ ಕುಸಿದದ್ದರಿಂದ ಏರ್‌ಬ್ಯಾಗ್ ಹಾಕಿದರೂ ಪ್ರಯೋಜನ ಕಡಿಮೆ ಎಂದಿತು ವರದಿ. ಫಿಗೊ ಮತ್ತು ಪೋಲೊಗಳ ಒಡಲು ಗಟ್ಟಿಯಾಗಿ ನಿಂತಿತ್ತು, ಒಳಗೆ ಕಾಯುವುದೇನೂ ಇರಲಿಲ್ಲ. ಏರ್‌ಬ್ಯಾಗ್ ಇರುವ ಪೋಲೊವನ್ನು ಪರೀಕ್ಷಿಸಿದಾಗ ಅದಕ್ಕೆ 4 ನಕ್ಷತ್ರ ಬಂತು. ಆ ಕಂಪನಿ ಏರ್‌ಬ್ಯಾಗಿಲ್ಲದ ಪೋಲೊ ಮಾರುವುದನ್ನೇ ನಿಲ್ಲಿಸಿತು. ಅದೇ ವರ್ಷದ ನವೆಂಬರಿನಲ್ಲಿ ನಮ್ಮ ಬೀದಿಗಳ ಅಚ್ಚುಮೆಚ್ಚಿನ ಸ್ವಿಫ್ಟ್ ಕಾರಿನ ಏರ್‌ಬ್ಯಾಗಿಲ್ಲದ ಮಾದರಿಗೂ ಸೊನ್ನೆ ಬಂತು. ಸ್ವಿಫ್ಟ್ ಹೆಸರಿನ ಕಾರು 2010ರಲ್ಲಿ ಯೂರೋಪಿನಲ್ಲಿ 5 ನಕ್ಷತ್ರ ಪಡೆದಿತ್ತು.

ಇದು ನಮ್ಮ ದೇಶದ ಹಣೆಬರಹ ಮಾತ್ರವಲ್ಲ. ಮೆಕ್ಸಿಕೋದಲ್ಲಿ ನಿಸ್ಸಾನ್ ಕಂಪನಿ ತ್ಸುರು ಎಂಬ ಕಾರನ್ನು ತಯಾರಿಸಿ ಅಲ್ಲಿಯ ಜನಕ್ಕೆ ಮಾರುತ್ತಿತ್ತು. ವರ್ಸಾ ಎಂಬ ಕಾರನ್ನೂ ಅದೇ ಮೆಕ್ಸಿಕೋದಲ್ಲೇ ತಯಾರಿಸಿ ಗಡಿಯಾಚೆಗಿನ ಅಮೆರಿಕಕ್ಕೆ ಕಳುಹಿಸುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಈ ಎರಡನ್ನೂ ಎದುರುಬದುರು ಓಡಿಸಿ ಗುದ್ದಿಸಿದರು. ಎರಡೂ ಆ ಕಂಪನಿ ಆಯಾ ದೇಶದಲ್ಲಿ ಮಾರುವ ಅತ್ಯಂತ ಅಗ್ಗದ ಕಾರುಗಳು. ವರ್ಸಾದಲ್ಲಿದ್ದ ಗೊಂಬೆ ಏರ್‌ಬ್ಯಾಗಿಗೆ ಒರಗಿ ಉಳಿಯಿತು. ತ್ಸುರುವಿನ ಛಾವಣಿ, ಬಾಗಿಲು, ಸ್ಟಿಯರಿಂಗ್ ಎಲ್ಲ ಒಳಕ್ಕೆ ನುಗ್ಗಿದವು. ಅದರಲ್ಲಿ ಮನುಷ್ಯನಿದ್ದಿದ್ದರೆ ಬದುಕುವ ಸಂಭವವೇ ಕಡಿಮೆ. ಪರೀಕ್ಷೆ ನಡೆಯುವ ಹೊತ್ತಿಗೇ ಕಂಪನಿ ತ್ಸುರುವನ್ನು 2017ರ ಮೇ ತಿಂಗಳಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಕಾಲು ಶತಮಾನ ಮಾರಿದ ಕಾರನ್ನು ಬಹಿರಂಗವಾಗಿ ಗುದ್ದಿಸಿದ ಹೊತ್ತಿಗೆ ನಿಲ್ಲಿಸಲು ಮನಸ್ಸಾಯಿತು ಎಂಬುದನ್ನು ನೆನಪಿಡಿ.

ಕಂಪನಿಗಳವರ ಸಮರ್ಥನೆಯನ್ನೂ ಕೇಳಬೇಕು. ಏರ್‌ಬ್ಯಾಗು, ಗಟ್ಟಿ ಒಡಲು ಎಂದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಬಡಮಧ್ಯಮದವರು ಕಾರು ಕೊಳ್ಳದೆ ಸ್ಕೂಟರಿನಲ್ಲೇ ಉಳಿಯುತ್ತಾರೆ, ಸ್ಕೂಟರಿಗಿಂತ ಈ ಕಾರು ಮೇಲಲ್ಲವೇ ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಮುಂದೆ ಒಂದು ಮಗು, ನಡುವೆ ಇನ್ನೊಂದು, ಹಿಂದೆ ಹೆಂಡತಿ ಎಂದು ಮಳೆಯಲ್ಲಿ ಹೋಗುವ ಸ್ಕೂಟರನ್ನು ಕಂಡು ಹೊಟ್ಟೆಯಲ್ಲಿ ಕಸಿವಿಸಿಯಾಗದವರು ಯಾರು? ಆದರೆ ಆ ಮಾತಿಗೆ ನನ್ನದು ಒಂದೇ ಪ್ರಶ್ನೆ. ಕಡಿಮೆ ಬೆಲೆಗೆ ಕಡಿಮೆ ರಕ್ಷಣೆ ಎಂದಾದರೆ ಹಾಗೆಂದು ಜಾಹೀರಾತಿನಲ್ಲಿ ಬರೆದಿದ್ದರೇ? ಕಾರಿನ ಹೆಸರು, ಮುಖ, ಪರದೇಶದಲ್ಲಿ ಗಳಿಸಿದ ಕೀರ್ತಿ ಎಲ್ಲವನ್ನೂ ಇಲ್ಲಿ ಮಾರಿಕೊಂಡರು. ಕಳೆದದ್ದೇನು ಎಂಬುದನ್ನು ಮಾತ್ರ ಹೇಳಲಿಲ್ಲ.

ಕಳೆದ ಕ್ರಮವೂ ವಿಚಿತ್ರವಾಗಿತ್ತು. 2013ರಲ್ಲಿ ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬರು ಮೊದಲ ಕಾರು ಕೊಳ್ಳಲು ಹೊರಟಾಗ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ಪ್ರತಿದಿನ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಾಡಬೇಕಾದವರು ಅವರು. ಅಂಗಡಿಯ ಹುಡುಗ ಬಹಳ ವಿನಯವಂತ. ಕುಡಿಯಲು ನೀರು ಕೊಟ್ಟು, ಬಣ್ಣಗಳ ಪಟ್ಟಿ ತೋರಿಸಿ, ಮುಖ ನೋಡಿಕೊಳ್ಳುವ ಕನ್ನಡಿ ಎಲ್ಲಿದೆ ಎಂದು ವಿವರಿಸಿದ. ಏರ್‌ಬ್ಯಾಗ್ ಇದೆಯೇ ಎಂದು ನಾನು ಕೇಳಿದೆ.

“ಬೇಸ್ ಮಾಡಲ್‌ನಲ್ಲಿ ಬರಲ್ಲ ಮೇಡಂ. ಟಾಪ್ ಎಂಡ್ ತಗೊಳ್ಳಿ. ಅಲಾಯ್ ವೀಲು, ಮ್ಯೂಸಿಕ್ ಸಿಸ್ಟಮ್ಮು, ಏರ್‌ಬ್ಯಾಗು ಎಲ್ಲಾ ಅದರಲ್ಲೇ ಬರತ್ತೆ.”

“ಹಾಡು ಬೇಡಪ್ಪ, ಏರ್‌ಬ್ಯಾಗ್ ಒಂದನ್ನು ಹಾಕಿಸಿಕೊಡಿ.”

“ಹಾಗೆ ಒಂದೇ ಬರಲ್ಲ ಮೇಡಂ. ಅಲ್ಲದೆ ನಮ್ಮೂರ ರೋಡಲ್ಲಿ ಅಷ್ಟು ಸ್ಪೀಡ್ ಎಲ್ಲಿ ಹೋಗ್ತೀರಿ?”

ಹುಡುಗನ ತಪ್ಪೇನೂ ಇಲ್ಲ, ಅವನಿಗೆ ಕಲಿಸಿಕೊಟ್ಟ ಮಾತದು. ಪ್ರಾಣ ಉಳಿಸುವ ವಸ್ತುವನ್ನು ಹಾಡು ಕೇಳುವ ಪೆಟ್ಟಿಗೆಗೂ ಹೊಳೆಯುವ ಚಕ್ರಕ್ಕೂ ಗಂಟುಹಾಕಿ ಶೋಕಿಯ ಸಾಮಾನುಗಳ ಸಾಲಿನಲ್ಲಿ ಕೂರಿಸಿದ್ದರು. ಟಾಪ್ ಎಂಡಿಗೆ ಬೇಕಾದ ಹಣ ನಮ್ಮ ಶಿಕ್ಷಕಿಯ ಸಾಲದ ಲೆಕ್ಕಕ್ಕೆ ನಿಲುಕಲಿಲ್ಲ. ಅವರು ಬೇಸ್ ಮಾಡಲನ್ನೇ ತಂದರು. ಅದಕ್ಕೆ ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಓಡಿಸಿದರು. ಉಳಿದದ್ದನ್ನು ದೇವರ ಮೇಲೆ ಹಾಕುವುದು ನಮಗೆ ಅಭ್ಯಾಸವೇ ಆಗಿತ್ತು.

ಹಾಗಾದರೆ ಹೊರದೇಶದ ಕಾರನ್ನೇ ತರಿಸಿಕೊಂಡರಾಯಿತಲ್ಲ ಎಂದು ಕೆಲವರಿಗೆ ಅನ್ನಿಸುತ್ತದೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಊರಿಗೆ ಮರಳುವ ಯೋಚನೆಯಲ್ಲಿದ್ದಾಗ ಫೋನಿನಲ್ಲಿ, “ಚಿಕ್ಕಮ್ಮ, ನಮ್ಮ ಕಾರಲ್ಲಿ ಸುತ್ತಲೂ ಏರ್‌ಬ್ಯಾಗಿದೆ. ಬರುವಾಗ ಅದನ್ನೇ ಹಡಗಿಗೆ ಹಾಕಿಸಿಬಿಡ್ತೀನಿ” ಎಂದ. ಹಾಕಿಸಲು ಬರುವುದಿಲ್ಲ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು, ವೇಗದ ಮುಳ್ಳು ಕಿಲೋಮೀಟರ್ ತೋರಿಸಬೇಕು, ದೀಪ ನಮ್ಮ ಎಡರಸ್ತೆಗೆ ಹೊಂದಬೇಕು, ಇನ್ನೂ ಐದು ವರ್ಷ ಓಡುವ ಯೋಗ್ಯತೆ ಇದೆಯೆಂಬ ಪ್ರಮಾಣಪತ್ರ ಬೇಕು, ಇಳಿಯುವುದು ಮುಂಬಯಿ ಬಂದರಿನಲ್ಲೇ ಆಗಬೇಕು. ಇಷ್ಟೆಲ್ಲ ದಾಟಿದ ಮೇಲೆ ಕಾರಿನ ಬೆಲೆಯನ್ನೇ ಮೀರಿಸುವ ಸುಂಕ. ಎಡಕ್ಕೆ ಸ್ಟಿಯರಿಂಗ್ ಇರುವ ಅಮೆರಿಕದ ಕಾರಿಗೆ ಎರಡನೆಯ ಮೆಟ್ಟಿಲಲ್ಲೇ ಬಾಗಿಲು ಮುಚ್ಚಿತು.

ನಾವೇ ಇಷ್ಟು ಕಟ್ಟುನಿಟ್ಟು ಎಂದುಕೊಳ್ಳಬೇಡಿ. 1980ರ ದಶಕದಲ್ಲಿ ಅಮೆರಿಕದವರು ಯೂರೋಪಿನಲ್ಲಿ ಅಗ್ಗವಾಗಿ ಸಿಗುತ್ತಿದ್ದ ಬೆಂಜ್ ಮೊದಲಾದ ಕಾರುಗಳನ್ನು ತಾವೇ ತರಿಸಿಕೊಳ್ಳತೊಡಗಿದರು. 1988ರಲ್ಲಿ ಅಲ್ಲಿ ಕಾಯಿದೆ ಬಿಗಿಯಾಯಿತು. ಅಮೆರಿಕದ ಸುರಕ್ಷತಾ ನಿಯಮಕ್ಕೆ ಹೊಂದಿಸಿ ತಯಾರಿಸದ ಕಾರನ್ನು, ಅದಕ್ಕೆ 25 ವರ್ಷ ತುಂಬುವ ತನಕ, ಸಾಮಾನ್ಯರು ತರಿಸಿಕೊಂಡು ಓಡಿಸುವುದು ಬಹುಮಟ್ಟಿಗೆ ಅಸಾಧ್ಯ. ಕೆನಡಾದಲ್ಲಿ ಆ ಗಡುವು 15 ವರ್ಷ. ಇದರ ಹಿಂದೆ ಅಲ್ಲಿನ ಅಧಿಕೃತ ಮಾರಾಟಗಾರರ ವ್ಯಾಪಾರ ಕಾಯುವ ಉದ್ದೇಶವೂ ಇತ್ತು. ಆದರೂ ಅದರ ತಿರುಳನ್ನು ಗಮನಿಸಿ. ನಮ್ಮ ಮಕ್ಕಳು ಕೂರುವ ಕಾರು ನಮ್ಮ ಪರೀಕ್ಷೆಯಲ್ಲಿ ಪಾಸಾಗಿರಬೇಕು ಎನ್ನುತ್ತದೆ ಆ ದೇಶ.

ಬಾಗಿಲು ತೆರೆದಿಟ್ಟ ದೇಶಗಳೂ ಇವೆ. ಶ್ರೀಲಂಕಾದಲ್ಲಿ ಜಪಾನಿನಿಂದ ಬಂದ ಬಳಸಿದ ಕಾರುಗಳು ಬೀದಿ ತುಂಬ ಇವೆ. ಎರಡೂ ದೇಶಗಳಲ್ಲಿ ಎಡಗಡೆಯೇ ಓಡಾಟ, ಆದ್ದರಿಂದ ಹೊಂದಿಕೆಗೆ ತೊಂದರೆಯಿಲ್ಲ. ಆದರೆ 2020ರಲ್ಲಿ ವಿದೇಶಿ ಹಣದ ಕೊರತೆಯಾದಾಗ ಅಲ್ಲಿನ ಸರ್ಕಾರ ವಾಹನಗಳ ಆಮದನ್ನೇ ನಿಲ್ಲಿಸಿತು. ಸ್ವಂತ ಬಳಕೆಯ ಕಾರುಗಳಿಗೆ ಮತ್ತೆ ಬಾಗಿಲು ತೆರೆದದ್ದು 2025ರಲ್ಲಿ. ಪಕ್ಕದ ಮನೆಯ ಅಡುಗೆಯನ್ನೇ ನಂಬಿದರೆ ಹೀಗೆ. ನಮ್ಮಷ್ಟು ದೊಡ್ಡ ದೇಶಕ್ಕಂತೂ ಅದು ದಾರಿಯೇ ಅಲ್ಲ. ಹಣವಿದ್ದ ಒಬ್ಬರು ಹೊರಗಿನಿಂದ ತುಪ್ಪ ತರಿಸಿ ತಮ್ಮ ಎಲೆಗೆ ಬಡಿಸಿಕೊಂಡರೆ ಪಂಕ್ತಿಭೇದ ಹೋದಂತಾಗುವುದಿಲ್ಲ. ಅಡುಗೆಮನೆಯಲ್ಲೇ ಅದನ್ನು ಸರಿಮಾಡಬೇಕು.

ಅಮೆರಿಕದ ಪರೀಕ್ಷೆ ಕಠಿಣವಾಗಿತ್ತು, ಕಂಪನಿಗಳು ಓದಿಕೊಂಡು ಬಂದವು. ನಮ್ಮ ಪರೀಕ್ಷೆ ಸಡಿಲವಾಗಿತ್ತು, ಓದದೆ ಬಂದವು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಆದ್ದರಿಂದ ನನ್ನ ಟೀಕೆ ಕಂಪನಿಗಳ ಮೇಲೆ ಎಷ್ಟೋ ಅಷ್ಟೇ ನಮ್ಮ ಸರ್ಕಾರಗಳ ಮೇಲೂ ಇದೆ. ಒಳಗೆ ಗೊಂಬೆ ಕೂರಿಸಿ ಎದುರಿನಿಂದಲೂ ಪಕ್ಕದಿಂದಲೂ ಢಿಕ್ಕಿ ಹೊಡೆಸಿ ನೋಡುವ ಪರೀಕ್ಷೆ ನಮ್ಮಲ್ಲಿ ಹೊಸ ಮಾದರಿಗಳಿಗೆ ಕಡ್ಡಾಯವಾದದ್ದು 2017ರ ಅಕ್ಟೋಬರಿನಲ್ಲಿ, ಹಳೆಯ ಮಾದರಿಗಳಿಗೂ ಅನ್ವಯವಾದದ್ದು 2019ರ ಅಕ್ಟೋಬರಿನಲ್ಲಿ. ಅದೂ ಎದುರಿನ ಢಿಕ್ಕಿಗೆ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ.

ಇದಕ್ಕಿಂತ ನನ್ನನ್ನು ಚುಚ್ಚಿದ್ದು ಇನ್ನೊಂದು. ಓಡಿಸುವವರ ಮುಂದೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಅವರ ಪಕ್ಕದ ಸೀಟಿಗೆ ಕಡ್ಡಾಯವಾದದ್ದು ಹೊಸ ಮಾದರಿಗಳಲ್ಲಿ 2021ರ ಏಪ್ರಿಲ್‌ನಿಂದ, ಮೊದಲೇ ಮಾರುಕಟ್ಟೆಯಲ್ಲಿದ್ದ ಮಾದರಿಗಳಲ್ಲಿ 2021ರ ಕೊನೆಗೆ. ಗೆಳತಿಯರೇ, ನಮ್ಮ ಮನೆಗಳಲ್ಲಿ ಆ ಎಡಗಡೆಯ ಸೀಟಿನಲ್ಲಿ ಕೂರುವವರು ಯಾರು? ಎರಡೂವರೆ ವರ್ಷ ಕಾಲ ಕಾನೂನಿನ ಕಣ್ಣಿಗೆ ಗಂಡನ ತಲೆ ಕಾಣಿಸಿತು, ಪಕ್ಕದಲ್ಲಿದ್ದ ಹೆಂಡತಿಯದು ಕಾಣಿಸಲಿಲ್ಲ. ಬರೆದವರ ಮನಸ್ಸಿನಲ್ಲಿ ಹಾಗಿರಲಾರದು, ಓಡಿಸುವವರು, ಕೂರುವವರು ಎಂದಷ್ಟೇ ಅವರು ಲೆಕ್ಕ ಹಾಕಿದ್ದಾರು. ಲೆಕ್ಕದ ಫಲ ಮಾತ್ರ ನಮ್ಮ ಪಾಲಿಗೆ ಬಂತು. ಆ ಜಾಗತಿಕ ಪರೀಕ್ಷೆಯ ಎದುರಿನ ಢಿಕ್ಕಿಗೆ ಮುಂದಿನ ಎರಡು ಸೀಟುಗಳಲ್ಲಿ ಕೂರಿಸಿದ್ದ ಗೊಂಬೆಗಳೂ ಸರಾಸರಿ ಗಂಡಸಿನ ಅಳತೆಯವೇ. ಪಂಕ್ತಿಭೇದ ದೇಶ ದೇಶಗಳ ನಡುವೆ ಮಾತ್ರವಲ್ಲ, ಒಂದೇ ಕಾರಿನ ಎರಡು ಸೀಟುಗಳ ನಡುವೆಯೂ ಇತ್ತು.

ಮಾಡಲು ಮನಸ್ಸು ಮಾಡಿದರೆ ಆಗುತ್ತದೆ ಎಂಬುದೂ ಸಾಬೀತಾಗಿದೆ. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಅದೇ ಜಾಗತಿಕ ಪರೀಕ್ಷೆಯಲ್ಲಿ 5 ನಕ್ಷತ್ರ ಪಡೆಯಿತು. ಭಾರತದಲ್ಲಿ ತಯಾರಾಗಿ ಇಲ್ಲೇ ಮಾರುವ ಕಾರಿಗೆ ಅದು ಮೊದಲನೆಯದು. 2014ರಲ್ಲಿ ಸೊನ್ನೆ ಪಡೆದವರಲ್ಲಿ ಒಬ್ಬರಾಗಿದ್ದ ಮಾರುತಿಯವರ ಡಿಜೈರ್ ಕಾರು 2024ರ ನವೆಂಬರಿನಲ್ಲಿ 5 ನಕ್ಷತ್ರ ಪಡೆಯಿತು. ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆದರೆ ಅದಕ್ಕೆ ಕೂರುವುದು ಬಿಡುವುದು ಕಂಪನಿಯ ಇಚ್ಛೆ. ಆರು ಏರ್‌ಬ್ಯಾಗ್ ಕಡ್ಡಾಯ ಮಾಡುವ ಕರಡು 2022ರಲ್ಲಿ ಬಂದು, 2023ರಲ್ಲಿ ಕಡ್ಡಾಯ ಮಾಡುವುದಿಲ್ಲ ಎಂಬಲ್ಲಿಗೆ ಮುಗಿಯಿತು. ಇಷ್ಟಾದರೂ ಬದಲಾದದ್ದು ಹೇಗೆ? ಯಾರೋ ಕಾರುಗಳನ್ನು ಬಹಿರಂಗವಾಗಿ ಗುದ್ದಿಸಿ ಅಂಕಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರಿಂದ, ಅದನ್ನು ನೋಡಿದ ಜನ ಅಂಗಡಿಯಲ್ಲಿ ಪ್ರಶ್ನೆ ಕೇಳಿದ್ದರಿಂದ.

ಆ ಪ್ರಶ್ನೆ ಕೇಳುವವರಲ್ಲಿ ನಾವಿರಬೇಕು. ಬಣ್ಣ, ಮೈಲೇಜು ಕೇಳಿ, ಬೇಡವೆನ್ನುವುದಿಲ್ಲ. ಜೊತೆಗೆ ಇದನ್ನೂ ಕೇಳಿ. ನಾವು ಕೊಳ್ಳುವ ಈ ಮಾದರಿಯಲ್ಲೇ ಎಷ್ಟು ಏರ್‌ಬ್ಯಾಗಿದೆ? ನಕ್ಷತ್ರ ಬಂದದ್ದು ಯಾವ ವರ್ಷ, ಯಾವ ಪರೀಕ್ಷೆಯಲ್ಲಿ? ಇದೇ ಹೆಸರಿನ ಕಾರನ್ನು ಹೊರದೇಶಕ್ಕೆ ಕಳುಹಿಸುವುದಾದರೆ ಅದರಲ್ಲಿದ್ದು ಇದರಲ್ಲಿಲ್ಲದ್ದು ಏನು? ಹಿಂದಿನ ಸೀಟಿನವರಿಗೂ ಬೆಲ್ಟು ಕಟ್ಟಿಸಿ. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಡಿ, ಏರ್‌ಬ್ಯಾಗಿರುವ ಕಾರಿನಲ್ಲಂತೂ ಬೇಡವೇ ಬೇಡ. ದೊಡ್ಡವರನ್ನು ಉಳಿಸಲು ಉಬ್ಬುವ ಆ ಚೀಲದ ಹೊಡೆತಕ್ಕೆ ಮಗು ತಡೆಯದು.

ಇನ್ನೊಂದು ಮಾತು. ಸೊನ್ನೆ ಪಡೆದ ಆ ಕಾರುಗಳೆಲ್ಲ ಎಲ್ಲಿಗೂ ಹೋಗಿಲ್ಲ. ಮೊದಲು ಕೊಂಡವರು ಮಾರಿ ಹೊಸದು ತೆಗೆದುಕೊಂಡರು. ಈಗ ಅವು ಸೆಕೆಂಡ್ ಹ್ಯಾಂಡ್ ಆಗಿ, ಮೊದಲ ಸಲ ಕಾರು ಕೊಳ್ಳುವ ಮನೆಗಳಿಗೆ, ಓಡಿಸಲು ಕಲಿಯುತ್ತಿರುವ ನಮ್ಮ ಹೆಣ್ಣುಮಕ್ಕಳ ಕೈಗೆ ಬರುತ್ತಿವೆ. ಬೆಲೆ ಇಳಿಯುತ್ತ ಇಳಿಯುತ್ತ ಅವು ಇನ್ನಷ್ಟು ಕೈಲಾಗದವರ ಅಂಗಳವನ್ನು ಸೇರುತ್ತವೆ. ಅಂಥದೊಂದು ನಿಮ್ಮ ಮನೆಗೆ ಬರುವುದಿದ್ದರೆ ಪೂಜೆಗೆ ಮೊದಲು ಅದು ತಯಾರಾದ ವರ್ಷವನ್ನೂ ಮಾದರಿಯನ್ನೂ ಒಮ್ಮೆ ನೋಡಿಬಿಡಿ.